ಬೆಂಡಿನ ಪಟ್ಟಿಗೆ ಹತ್ತಿದ ಕೆಂಪು

ಮೂತ್ರದ ವಿಷಯ ಓದಲು ನಾಚಿಕೆಯಾಗುವವರು ಇದನ್ನು ಇಲ್ಲಿಗೇ ಬಿಡಬಹುದು. ನನಗೂ ಮೊದಲು ನಾಚಿಕೆಯಿತ್ತು. ಅದರಿಂದ ಏಳೆಂಟು ತಿಂಗಳು ಹಾಳಾಯಿತೇ ಹೊರತು ಬೇರೇನೂ ಸಿಗಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ.

ನಮ್ಮದು ಸಾಗರದಲ್ಲಿ ಬೆಂಡಿನ ಕೆಲಸದ ಮನೆ. ಬೆಂಡು ಎಂದರೆ ಕೆರೆಯಲ್ಲಿ ಬೆಳೆಯುವ ಒಂದು ಗಿಡದ ಕಾಂಡ. ಸಿಪ್ಪೆ ತೆಗೆದರೆ ಒಳಗೆ ಹಾಲಿನಂತೆ ಬಿಳಿ, ಹತ್ತಿಯಂತೆ ಹಗುರ. ಅದನ್ನು ಕಾಗದದಷ್ಟು ತೆಳ್ಳಗೆ ಕೊಯ್ದು, ಹೂವು ಮಾಡಿ, ಬಣ್ಣ ಹಚ್ಚಿ, ಮದುವೆಯ ಬಾಸಿಂಗ ಕಟ್ಟುತ್ತೇವೆ. ನನ್ನ ಗಂಡ ಗಂಧದ ಕೆತ್ತನೆಯವರು. ಅವರು ಕ್ಷಯದಲ್ಲಿ ಹೋದಾಗ ನನಗೆ ಮೂವತ್ತು ತುಂಬಿರಲಿಲ್ಲ. ಅವತ್ತಿನಿಂದ ಅನ್ನ ಹಾಕಿದ್ದು ಬಾಸಿಂಗವೇ. ವಿಧವೆ ಮಾಡಿದ ಬಾಸಿಂಗವನ್ನು ಹಣೆಗೆ ಕಟ್ಟಿಕೊಳ್ಳಲು ಯಾರಿಗೂ ತಕರಾರಿಲ್ಲ. ಮಾಡಿದವಳು ಮಂಟಪದ ಹತ್ತಿರ ಬಂದರೆ ಮಾತ್ರ ತಕರಾರು.

ಕೆಂಪು ಬಣ್ಣ ಹಚ್ಚುವಾಗ ಕುಂಚದ ತುದಿ ಚೂಪಾಗಿರಬೇಕು. ಅದಕ್ಕೆ ಕುಂಚವನ್ನು ತುಟಿಯ ನಡುವೆ ಇಟ್ಟು ಎಳೆಯುವುದು ನಮ್ಮ ಪದ್ಧತಿ. ಅತ್ತೆ ಕಲಿಸಿದ್ದು. ಮದುವೆಯ ಕಾಲದಲ್ಲಿ ನಮ್ಮ ಮನೆಯ ಹೆಂಗಸರ ನಾಲಿಗೆ ಎಲೆಯಡಿಕೆ ಹಾಕದೆಯೇ ಕೆಂಪಾಗಿರುತ್ತಿತ್ತು. ಉಗುಳಿದರೆ ಕೆಂಪು, ಬೆವರು ಒರೆಸಿದರೆ ಸೆರಗು ಕೆಂಪು. ಹಾಗಾಗಿ ಒಂದು ಮಾಘ ಮಾಸದ ಬೆಳಿಗ್ಗೆ ಮೂತ್ರ ಕೆಂಪಾಗಿ ಹೋದಾಗ ನಾನು ಹೆದರಲಿಲ್ಲ. ಹೊಟ್ಟೆಗೆ ಹೋದ ಬಣ್ಣ ಇಳಿಯುತ್ತಿದೆ ಎಂದುಕೊಂಡೆ. ಎಂಬತ್ತರ ದಶಕದ ನಡುವಿನ ಮಾತು ಇದು. ಆಗ ನನಗೆ ಅರವತ್ತರ ಹತ್ತಿರ.

ಸೊಸೆಗೆ ಹೇಳಿದೆ. "ನಂಗೆ ಕೆಳಗಿಂದಾನೂ ಬಣ್ಣ ಬಿಡ್ತಾ ಇದೆ ಕಣೆ."

"ಅಗ್ಗದ ಸೀರೆ ಕತೆ ಆತು ನಿಮ್ದು, ಅತ್ತೆ" ಎಂದು ಅವಳು ನಕ್ಕಳು. ನಾನೂ ನಕ್ಕೆ.

ಮೂರು ದಿನಕ್ಕೆ ನಿಂತಿತು. ಚೈತ್ರದಲ್ಲಿ ಮತ್ತೆ ಬಂತು, ಮತ್ತೆ ನಿಂತಿತು. ನೋವಿಲ್ಲ, ಉರಿಯಿಲ್ಲ. ನೋವಿಲ್ಲದ್ದನ್ನು ಕಾಯಿಲೆ ಎಂದು ಕರೆಯುವ ಅಭ್ಯಾಸ ನಮ್ಮಲ್ಲಿಲ್ಲ. ಇಂಥದ್ದನ್ನು ಡಾಕ್ಟರ ಮುಂದೆ ಹೇಳಲು ನಾಚಿಕೆ ಬೇರೆ.

ಮಳೆಗಾಲದಲ್ಲಿ ಬೆಂಡು ಒಣಗುವುದಿಲ್ಲ, ಬಣ್ಣ ಹಿಡಿಯುವುದಿಲ್ಲ. ಆಷಾಢ ಬರುತ್ತಿದ್ದಂತೆ ಬಣ್ಣದ ಡಬ್ಬಿಗಳನ್ನು ಮುಚ್ಚಿ ಅಟ್ಟಕ್ಕೆ ಹಾಕುತ್ತೇವೆ. ಆ ವರ್ಷವೂ ಹಾಕಿದೆವು. ಗೌರಿ ಹಬ್ಬ ಕಳೆದ ಮಾರನೆಯ ದಿನ ಮೂತ್ರ ಮತ್ತೆ ಕೆಂಪಾಯಿತು. ಎರಡು ತಿಂಗಳಿಂದ ಬಣ್ಣ ಮುಟ್ಟದವಳ ಹೊಟ್ಟೆಯಿಂದ ಯಾವ ಬಣ್ಣ ಇಳಿಯಬೇಕು?

ಹೊಸ ಬಣ್ಣದ ಪುಡಿ ತಂದಾಗ ನಾವು ಮಾಡುವ ಒಂದು ಪರೀಕ್ಷೆಯಿದೆ. ಬೆಂಡಿನ ಒಂದು ಪಟ್ಟಿಯನ್ನು ಅದರ ನೀರಿನಲ್ಲಿ ಅದ್ದಿ ಕಿಟಕಿಯಲ್ಲಿ ಇಡುವುದು. ಹಸಿಯಾಗಿದ್ದಾಗ ಎಲ್ಲ ಬಣ್ಣವೂ ಚಂದವೇ. ಗುಣ ಗೊತ್ತಾಗುವುದು ಒಣಗಿದ ಮೇಲೆ. ನಾನು ಬಿಳಿ ಬೋಗುಣಿಯೊಂದನ್ನು ಬಚ್ಚಲಿಗೆ ತೆಗೆದುಕೊಂಡು ಹೋದೆ. ಅದರಲ್ಲಿ ಒಂದು ಪಟ್ಟಿ ಅದ್ದಿದೆ. ಅಟ್ಟದಿಂದ ಕೆಂಪಿನ ಡಬ್ಬಿ ಇಳಿಸಿ ಅದರ ನೀರಿನಲ್ಲಿ ಇನ್ನೊಂದು ಅದ್ದಿದೆ. ಎರಡನ್ನೂ ಒಲೆಯ ಪಕ್ಕ ಒಣಗಲು ಇಟ್ಟೆ. ಅದ್ದಿದಾಗ ಎರಡೂ ಅಕ್ಕತಂಗಿಯರಂತೆ ಇದ್ದವು. ಮಧ್ಯಾಹ್ನ ಊಟ ಮುಗಿಸಿ ನೋಡಿದರೆ ಡಬ್ಬಿಯದು ದಾಸವಾಳದಂತೆ ಹೊಳೆಯುತ್ತಿತ್ತು. ನನ್ನದು ಕಾಚಿನ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಕಪ್ಪಾಗಿತ್ತು.

ಬಣ್ಣವಲ್ಲ. ರಕ್ತ.

ಎರಡು ಪಟ್ಟಿಗಳನ್ನೂ ಕಾಗದದಲ್ಲಿ ಸುತ್ತಿಕೊಂಡು ನಮ್ಮೂರಿನ ಡಾಕ್ಟರ ಹತ್ತಿರ ಹೋದೆ. ಅವರು ಬಿಡಿಸಿ ಕೈಯಲ್ಲಿ ಹಿಡಿದು, "ಇದೆಂತ, ಹೂವಾ?" ಎಂದರು.

"ಇದು ಬಣ್ಣ, ಅದು ನನ್ನ ಉಚ್ಚೆ."

ಡಾಕ್ಟರು ಅದನ್ನು ಥಟ್ಟನೆ ಮೇಜಿನ ಮೇಲೆ ಬಿಟ್ಟರು. ಆಮೇಲೆ ಕನ್ನಡಕ ಹಾಕಿಕೊಂಡು ಮತ್ತೆ ಎತ್ತಿಕೊಂಡರು. ಎಷ್ಟು ದಿನದಿಂದ ಎಂದು ಕೇಳಿದರು. ಮಾಘದಿಂದ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಬೈಯದೆ ಚೀಟಿ ಬರೆದಾಗಲೇ ನನಗೆ ಅರ್ಧ ಗೊತ್ತಾಯಿತು.

ಮಗ ಗಣಪತಿ ಕರೆದುಕೊಂಡು ಹೋದ. ಅಲ್ಲಿ ನನ್ನನ್ನು ನೋಡಿದವರು ಒಬ್ಬ ಡಾಕ್ಟರಮ್ಮ. ಕರಾವಳಿಯವರು, ನನ್ನ ಮಗಳ ವಯಸ್ಸು. ಮೂತ್ರದ ದಾರಿಯಲ್ಲಿ ದೀಪದ ಕೊಳವೆ ಹಾಕಿ ಒಳಗೆ ನೋಡಿದರು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹೆರಿಗೆಯಷ್ಟು ನೋವಿಲ್ಲ, ಹೆರಿಗೆಗಿಂತ ನಾಚಿಕೆ ಹೆಚ್ಚು. ಮೂತ್ರಕೋಶದ ಒಳಗೋಡೆಯಲ್ಲಿ ಹೂಕೋಸಿನಂಥ ಗಂಟುಗಳಿವೆ ಎಂದರು. ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿದರು. ಹೇಳಿದೆ.

"ಅಂದ್ರೆ ಬಣ್ಣ ಬಾಯಿಗೆ ಹಾಕ್ತೀರಾ?"

"ಬಣ್ಣ ಹಾಕಲ್ಲ. ಕುಂಚ ಹಾಕ್ತೀನಿ."

"ಎರಡೂ ಒಂದೇ ಅಲ್ವಾ ಅಮ್ಮ?"

ನಲವತ್ತು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ. ಬಣ್ಣದಿಂದಲೇ ಬಂತು ಎಂದು ಹೇಳಲಿಕ್ಕಾಗುವುದಿಲ್ಲ, ಬಂದಿರಲೂಬಹುದು ಎಂದರು. ಅಷ್ಟೇ. ನಮ್ಮ ಅತ್ತೆ ಅದೇ ಕುಂಚ ಚೀಪಿ ಎಂಬತ್ತು ವರ್ಷ ಬದುಕಿದ್ದರು ಎಂದು ಹೇಳೋಣವೆಂದುಕೊಂಡೆ. ವಾದ ಮಾಡಿದರೆ ಗಂಟು ಕರಗುವುದಿಲ್ಲವಲ್ಲ ಎಂದು ಬಿಟ್ಟೆ.

ಬೆನ್ನಿಗೆ ಸೂಜಿ ಕೊಟ್ಟು, ಅದೇ ದಾರಿಯಿಂದಲೇ ಗಂಟುಗಳನ್ನು ಕೆರೆದು ತೆಗೆದರು. ಹತ್ತು ದಿನದ ಮೇಲೆ ಅದರ ವರದಿ ಬಂತು. ಗಣಪತಿ ಬಾಗಿಲ ಹೊರಗೆ ಡಾಕ್ಟರಮ್ಮನನ್ನು ನಿಲ್ಲಿಸಿ, "ಅಮ್ಮಂಗೆ ಹೇಳ್ಬೇಡಿ, ತಡ್ಕಳಲ್ಲ" ಎಂದ. ನಾನು ಅವನ ಬೆನ್ನ ಹಿಂದೆಯೇ ನಿಂತಿದ್ದೆ.

"ನಿಮ್ಮಪ್ಪ ರಕ್ತ ಕಾರಿ ಸತ್ತಾಗ ತಡ್ಕಂಡಿದೀನಿ. ಹೇಳಿ ಡಾಕ್ಟ್ರಮ್ಮ."

ಹೇಳಿದರು. ಕ್ಯಾನ್ಸರ್. ಇನ್ನೂ ಗೋಡೆಯ ಮೇಲ್ಪದರದಲ್ಲೇ ಇದೆ, ಮಾಂಸಕ್ಕೆ ಇಳಿದಿಲ್ಲ. ಆದರೆ ಜಾತಿ ಕೆಟ್ಟದ್ದು. ಕೆರೆದು ತೆಗೆದರೂ ಮತ್ತೆ ಹುಟ್ಟುವಂಥದ್ದು. ದಾರಿ ಎರಡು. ಒಂದು, ಮೂತ್ರಕೋಶವನ್ನೇ ತೆಗೆದು, ಹೊಟ್ಟೆಯ ಮೇಲೆ ತೂತು ಮಾಡಿ, ಅಲ್ಲಿಗೆ ಚೀಲ ಕಟ್ಟುವುದು. ಇನ್ನೊಂದು ಹೊಸದು: ವಾರಕ್ಕೊಂದರಂತೆ ಆರು ಸಲ ಮೂತ್ರಕೋಶದ ಒಳಗೆ ಔಷಧಿ ಹಾಕಿ ನೋಡುವುದು. ಅದಕ್ಕೂ ಕೇಳದಿದ್ದರೆ ಮೂತ್ರಕೋಶ ತೆಗೆಯುವುದು ಇದ್ದೇ ಇದೆ.

ನಾನು ಕೇಳಿದ್ದು ಒಂದೇ. "ಚೀಲ ಕಟ್ಕಂಡ್ರೆ ಚಕ್ಕಳಮಕ್ಕಳ ಹಾಕಿ ಕೂರಕ್ಕೆ ಆಗುತ್ತಾ?"

ಡಾಕ್ಟರಮ್ಮ ಸ್ವಲ್ಪ ಯೋಚಿಸಿದರು. "ಕಷ್ಟ ಉಂಟು. ದಿನವಿಡೀ ಬಗ್ಗಿ ಕೂರೂದು ಕಷ್ಟ."

ನಮ್ಮ ಕೆಲಸ ನಿಂತು ಮಾಡುವುದಲ್ಲ. ಬೆಂಡನ್ನು ತೊಡೆಯ ಮೇಲೆ ಇಟ್ಟು, ಬಗ್ಗಿಯೇ ಕೊಯ್ಯಬೇಕು. ಬೆಂಡು ಬಿಟ್ಟರೆ ನಾನು ಸೊಸೆಯ ಅಡುಗೆಮನೆಯಲ್ಲಿ ಅಡ್ಡ ಬರುವ ಮುದುಕಿ. ಔಷಧಿಯೇ ಇರಲಿ ಎಂದೆ. ಹೆಸರು ಕೇಳಿದೆ.

"ಬಿ.ಸಿ.ಜಿ."

"ಶಾಲೆ ಮಕ್ಳ ತೋಳಿಗೆ ಚುಚ್ಚೋದಲ್ವಾ ಅದು? ಕ್ಷಯಕ್ಕೆ?"

"ಹೌದು, ಅದೇ. ಕ್ಷಯದ ಹುಳದ ದಾಯಾದಿ. ಹಲ್ಲು ಕಿತ್ತದ್ದು."

ಎದ್ದು ಹೊರಗೆ ಬಂದೆ. ಗಂಡನ ಲೋಟವನ್ನು ಹನ್ನೊಂದು ತಿಂಗಳು ಬೇರೆ ಇಟ್ಟವಳು ನಾನು. ಬೂದಿ ಹಾಕಿ ತಿಕ್ಕಿ, ಕುದಿಯುವ ನೀರು ಹಾಕಿ, ಮತ್ತೆ ತಿಕ್ಕುತ್ತಿದ್ದೆ. ಗಣಪತಿ ಆಗ ಅಂಬೆಗಾಲಿಡುತ್ತಿದ್ದ. ಅಪ್ಪನ ಚಾಪೆಯ ಹತ್ತಿರ ಹೋದರೆ ಕಾಲು ಹಿಡಿದು ಎಳೆಯುತ್ತಿದ್ದೆ. ಅಪ್ಪನಿಗೆ ಮಗನನ್ನು ಮುಟ್ಟಲು ಬಿಡಲಿಲ್ಲ, ಕೊನೆಯ ದಿನವೂ. ಆ ಹುಳವನ್ನು ಅಷ್ಟು ದೂರ ಇಟ್ಟವಳ ಒಳಗೆ ಅದರ ದಾಯಾದಿಯನ್ನು ಕೊಳವೆಯಲ್ಲಿ ಬಿಡುತ್ತಾರಂತೆ.

ಬೆಂಚಿನ ಮೇಲೆ ಕುಳಿತೆ. ಡಾಕ್ಟರಮ್ಮ ತಾವೇ ಹೊರಗೆ ಬಂದು ಪಕ್ಕದಲ್ಲಿ ಕುಳಿತರು. ಡಾಕ್ಟರು ರೋಗಿಯ ಬೆಂಚಿನಲ್ಲಿ ಕುಳಿತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನೋಡಿ ಅಮ್ಮ, ಈ ಹುಳ ನಿಮ್ಮ ಗಂಟನ್ನು ತಿನ್ನೂದಿಲ್ಲ. ನಿಮ್ಮ ಮೈಯಲ್ಲೇ ಕಾವಲಿನವು ಉಂಟು. ಗಂಟಿನ ಪಕ್ಕದಲ್ಲೇ ಇದ್ರೂ ಅದು ನಮ್ಮದೇ ಅಂತ ಸುಮ್ನೆ ಕೂತಿವೆ. ಈ ಹುಳ ಕಂಡ್ರೆ ಮಾತ್ರ ಅವಕ್ಕೆ ಎಚ್ಚರ ಆಗ್ತದೆ. ಎದ್ದು ಒಂದು ರಸ ಬಿಡ್ತವೆ. ಪ್ರೋಟೀನ್. ಆ ರಸ ತಾಗಿದ ಕೂಡ್ಲೆ ದೂರದವೂ ಓಡಿ ಬರ್ತವೆ. ಬಂದವು ಹುಳಾನೂ ಬಿಡೂದಿಲ್ಲ, ಪಕ್ಕದ ಗಂಟನ್ನೂ ಬಿಡೂದಿಲ್ಲ. ಹೀಗೆ ಅಂತ ನಮ್ಮ ಅಂದಾಜು. ನಮಗೂ ಪೂರ್ತಿ ಗೊತ್ತಿಲ್ಲ."

ಗೊತ್ತಿಲ್ಲ ಎಂದದ್ದು ನನಗೆ ಹಿಡಿಸಿತು. ಎಲ್ಲ ಗೊತ್ತು ಎಂದವರೇ ನನ್ನ ಗಂಡನಿಗೆ ಔಷಧಿ ಕೊಟ್ಟಿದ್ದರು.

"ಚಗಳಿ ಕಂಡಿದೀರಾ?" ಎಂದು ಕೇಳಿದೆ.

"ಆ ಕೆಂಪು ಇರುವೆ? ನಿಮ್ಮ ಕಡೆ ಚಟ್ನಿ ಮಾಡ್ತಾರಲ್ಲ, ಅದಾ?"

"ಅದೇ. ಗೂಡಿನಾಗೆ ಒಂದನ್ನ ಹಿಚುಕಿದ್ರೆ ಹುಳಿ ಹುಳಿ ನೀರು ಬಿಡುತ್ತೆ. ಆ ವಾಸನೆಗೆ ಇಡೀ ಗೂಡೇ ಇಳಿದು ಬರುತ್ತೆ. ಹಿಚುಕ್ದೋನನ್ನ ಮಾತ್ರ ಅಲ್ಲ, ಪಕ್ಕದಾಗೆ ಸುಮ್ನೆ ನಿಂತೋನನ್ನೂ ಕಚ್ಚುತ್ತೆ."

ಡಾಕ್ಟರಮ್ಮ ನನ್ನನ್ನೇ ನೋಡಿದರು. "ಇನ್ನು ಮೇಲೆ ನಾನೂ ಹಾಗೇ ಹೇಳ್ತೇನೆ, ಆಯ್ತಾ?"

ಒಪ್ಪಿಕೊಂಡೆ. ಆ ರಸದಿಂದಲೇ ಜ್ವರವೂ ಬರುತ್ತದೆ ಎಂದರು. ಬಂದರೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ಇರಬಹುದು. ಮೂರನೆಯ ದಿನವೂ ಇಳಿಯದಿದ್ದರೆ ಹುಳ ರಕ್ತಕ್ಕೆ ಸೇರಿದೆಯೆಂದು ಲೆಕ್ಕ. ಓಡಿ ಬರಬೇಕು, ಔಷಧಿ ನಿಲ್ಲಿಸಬೇಕಾಗುತ್ತದೆ. ಜ್ವರವೆಂದರೆ ನೆಂಟರ ಹಾಗೆ ಎಂದು ನಾನು ತಿಳಿದುಕೊಂಡೆ. ಬರಬೇಕು, ಝಾಂಡಾ ಊರಬಾರದು.

ಊರಿಗೆ ಬರುವ ಬಸ್ಸಿನಲ್ಲಿ ಗಣಪತಿ ಒಂದು ಮಾತು ಹೇಳಿದ. "ಯಾರಿಗೂ ಹೇಳದು ಬ್ಯಾಡ ಅಮ್ಮ. ಕ್ಯಾನ್ಸರ್ ಬಂದೋರ ಕೈಯಿಂದ ಮಂಗಳದ ವಸ್ತು ಯಾರು ತಗತಾರೆ? ಮಂಡಿ ನೋವು, ಚಿಕ್ಕಮ್ಮನ ಮನೇಲಿ ಎಣ್ಣೆ ತಿಕ್ಕಿಸ್ಕತಾ ಇದಾರೆ ಅಂತೀನಿ." ನನಗೆ ಸುಳ್ಳು ಹೊಸದಲ್ಲ. ಆಗಲಿ ಎಂದೆ. ಆ ಮಂಡಿ ಮುಂದೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಗೊತ್ತಿರಲಿಲ್ಲ.

ನನ್ನ ತಂಗಿ ಸರೋಜಳ ಮನೆ ಮೇಗರವಳ್ಳಿಯಲ್ಲಿ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಮನೆ ಮುಂದೆಯೇ ಘಟ್ಟ ಇಳಿಯುವ ಬಸ್ಸು ಸಿಗುತ್ತದೆ. ಮಾರ್ಗಶಿರದಲ್ಲಿ ಅಲ್ಲಿಗೆ ಹೋಗಿ ಕುಳಿತೆ. ವಾರಕ್ಕೊಮ್ಮೆ ಬೆಳಿಗ್ಗೆ ನೀರು ಕುಡಿಯದೆ ಬಸ್ಸು ಹತ್ತುವುದು, ಹಾಕಿಸಿಕೊಳ್ಳುವುದು, ಸಂಜೆಯೊಳಗೆ ವಾಪಸು. ಸರೋಜ ಜೊತೆಗೆ ಬರುತ್ತಿದ್ದಳು.

ಹಾಕುವುದು ಐದು ನಿಮಿಷ. ಇಟ್ಟುಕೊಳ್ಳುವುದು ಎರಡು ತಾಸು. ಅಷ್ಟು ಹೊತ್ತು ಮೂತ್ರ ಕಟ್ಟಿಕೊಂಡು ಮಲಗಬೇಕು. ಕಾಲು ಗಂಟೆ ಬೆನ್ನ ಮೇಲೆ, ಕಾಲು ಗಂಟೆ ಎಡ ಮಗ್ಗುಲು, ಕಾಲು ಗಂಟೆ ಬಲ, ಕಾಲು ಗಂಟೆ ಬೋರಲು. ಔಷಧಿ ಎಲ್ಲ ಗೋಡೆಗೂ ತಾಗಬೇಕಂತೆ. ಅಲ್ಲಿನ ಆಯಾ ಗಡಿಯಾರ ನೋಡಿಕೊಂಡು, "ಹಾಂ, ದೋಸೆ ಮಗುಚಿ" ಎನ್ನುತ್ತಿದ್ದಳು. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲದ ಹೊತ್ತಿಗೆ ಆ ಮಾತಿಗೇ ಕಾಯುತ್ತಿದ್ದೆ. ಮುಗಿದ ಮೇಲೆ ಪಾಯಖಾನೆಗೆ ಬ್ಲೀಚಿಂಗ್ ಪುಡಿ ಸುರಿಯಬೇಕು. ಗಂಡನ ಲೋಟದ ನೆನಪಿಗೆ ನಾನು ಅವರು ಹೇಳಿದ್ದಕ್ಕಿಂತ ಎರಡು ಪಟ್ಟು ಸುರಿಯುತ್ತಿದ್ದೆ.

ಡಾಕ್ಟರಮ್ಮ ಹೇಳಿದ್ದರಲ್ಲಿ ಸರೋಜ ಕಿವಿಗೆ ಹಾಕಿಕೊಂಡಿದ್ದು ಪ್ರೋಟೀನ್ ಒಂದನ್ನೇ. ಆರೋಗ್ಯದ ಕಾರ್ಯಕ್ರಮದಲ್ಲಿ ರೇಡಿಯೋದವರು ಬೇಳೆಕಾಳಿನಲ್ಲಿ ಪ್ರೋಟೀನ್ ಇದೆ ಎನ್ನುತ್ತಿದ್ದರಲ್ಲ, ಹಾಗಾಗಿ ಬೆಳಿಗ್ಗೆ ಹುರುಳಿ ಕಟ್ಟು, ಮಧ್ಯಾಹ್ನ ತೊವ್ವೆ, ಸಂಜೆ ಹೆಸರುಕಾಳು. ಅದು ಮೈಯೊಳಗೇ ಒಸರುವ ಪ್ರೋಟೀನು, ಒಲೆಯ ಮೇಲಿನದಲ್ಲ ಎಂದರೆ, "ಹಾಕ್ದೆ ಇದ್ರೆ ಒಸರೋದೆಲ್ಲಿಂದ ಅಕ್ಕ?" ಎಂದು ಕೇಳಿದಳು. ಹೊಟ್ಟೆಯಲ್ಲಿ ವಾಯು ಮಾತ್ರ ಚೆನ್ನಾಗಿ ಓಡಾಡಿತು.

ಆಸ್ಪತ್ರೆಯ ಬೆಂಚಿನಲ್ಲಿ ಒಬ್ಬರು ಗೌಡರ ಪರಿಚಯವಾಯಿತು. ಹೊಸನಗರ ತಾಲ್ಲೂಕಿನ ನಿಟ್ಟೂರಿನವರು. ನನ್ನದೇ ಕಾಯಿಲೆ, ನನ್ನದೇ ಔಷಧಿ, ನನ್ನದೇ ವಾರ. ಅವರಿಗೆ ಬೀಡಿ, ನನಗೆ ಕುಂಚ. ಎರಡನೆಯ ವಾರ ಕೇಳಿದರು. "ಹೋಯ್ ಸಾಗರದಮ್ಮ, ಜ್ವರ ಬಂತಾ?"

"ಬರ್ಲಿಲ್ಲ."

"ನಂಗೂ ಇಲ್ಲ ಮಾರಾಯ್ರೆ. ನಮ್ಮೂರಾಗೆ ಮಳೆಗೆ ಯಾರೂ ಕಾದಿದ್ದಿಲ್ಲ. ಈಗ ನೋಡಿ, ಜ್ವರಕ್ಕೆ ಕಾಯೋ ಹಂಗಾತು."

ಮೂರನೆಯ ವಾರ ನನಗೆ ಬಂತು. ಬಸ್ಸಿಳಿದು ಮನೆಗೆ ಬಂದು ಕೈಕಾಲು ತೊಳೆಯುವಾಗಲೇ ಚಳಿ ಹಿಡಿಯಿತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ಮೂತ್ರಕ್ಕೆ ಹೋದರೆ ಮೆಣಸಿನಪುಡಿ ಹಾಕಿದಂತೆ ಉರಿ. ಆಸ್ಪತ್ರೆಯವರು ಇಷ್ಟಾದರೆ ನುಂಗಿ ಎಂದು ಮಾತ್ರೆ ಕೊಟ್ಟಿದ್ದರು. ಸರೋಜ ಮಾತ್ರೆ, ನೀರು ಹಿಡಿದು ನಿಂತಳು. ನಾನು ಬಾಯಿ ತೆರೆಯಲಿಲ್ಲ. ಮೂರು ವಾರ ಕಾದು ಬರಿಸಿಕೊಂಡ ಜ್ವರವನ್ನು ಮಾತ್ರೆ ನುಂಗಿ ಓಡಿಸುವುದೆಂತ? ಚಗಳಿ ಇಳಿದು ಬರುತ್ತಿರುವಾಗ ಹೊಗೆ ಹಾಕಿದ ಹಾಗಾಗುತ್ತದೆ. ನಡುಗಿದೆ. ಮಾರನೆಯ ದಿನವೂ ನಡುಗಿದೆ.

ಆ ಚಳಿಗಾಲ ಕಾಡಿನಲ್ಲಿ ಮಂಗ ಸತ್ತು ಬಿದ್ದಿವೆ ಎಂಬ ಸುದ್ದಿ ಆಗಾಗ ಬರುತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ, ನಮ್ಮ ಈ ಮೂರು ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ಮಂಗ ಸತ್ತರೆ, ಅದರ ಮೈಯ ಉಣುಗು ಕಚ್ಚಿದವರಿಗೆ ಜ್ವರ, ಮಂಗನ ಕಾಯಿಲೆ. ಅದರಲ್ಲಿ ಸತ್ತವರು ಎಲ್ಲ ಊರಿನಲ್ಲೂ ಇದ್ದಾರೆ. ಪಕ್ಕದ ಮನೆಯ ಕಮಲಮ್ಮ ಮಜ್ಜಿಗೆ ಕೇಳಲು ಬಂದವಳು ನಾನು ಕಂಬಳಿಯೊಳಗೆ ನಡುಗುವುದನ್ನು ಕಂಡಳು. ಮಂಡಿ ನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಬಂದವಳಿಗೆ ಇಂಥ ಜ್ವರ ಯಾಕೆ ಬರಬೇಕು? ಮಜ್ಜಿಗೆ ಮರೆತು ಹೋದಳು. ಮಧ್ಯಾಹ್ನದ ಹೊತ್ತಿಗೆ ಸರೋಜಳ ಅಂಗಳದಲ್ಲಿ ಎಂಟು ಹತ್ತು ಜನ, ಅವರ ಮುಂದೆ ಆರೋಗ್ಯ ಇಲಾಖೆಯ ಒಬ್ಬ ನೌಕರ, ಕೈಯಲ್ಲಿ ಸೂಜಿಯ ಡಬ್ಬಿ.

"ಅಮ್ಮ, ಸೊಪ್ಪಿಗೆ ಸೌದೆಗೆ ಅಂತ ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ?"

"ಇಲ್ಲ."

"ಮಂಡಿ ನೋವಿಗೆ ಜ್ವರ ಬರಲ್ಲ ಅಮ್ಮ. ರಕ್ತ ತಗತೀನಿ. ತೀರ್ಥಹಳ್ಳಿ ಆಸ್ಪತ್ರೆಗೆ ಸೇರಿಸ್ಬೇಕಾಗುತ್ತೆ."

ಸೇರಿಸಿದರೆ ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ಏನೋ. ನಾಲ್ಕನೆಯ ಸಲದ ಔಷಧಿ ತಪ್ಪುತ್ತದೆ. ತಪ್ಪಿದರೆ ಚೀಲ. ಸರೋಜ ಬಾಗಿಲ ಸಂದಿಯಲ್ಲಿ ನಿಂತು, "ಎಂತದಾದ್ರೂ ಹೇಳಕ್ಕ" ಎಂದು ಕಣ್ಣಿನಲ್ಲೇ ಕೇಳುತ್ತಿದ್ದಳು. ಜಗುಲಿಯಲ್ಲಿ ಅವಳ ಅತ್ತೆ, ತೊಂಬತ್ತರ ಮುದುಕಿ, ಮೂಗಿಗೆ ಸೆರಗು ಹಿಡಿದು ಕೂತಿದ್ದರು. ನಾನು ಕಂಬಳಿ ಹೊದ್ದುಕೊಂಡೇ ಹೊರಗೆ ಬಂದೆ. ಕಂಬ ಹಿಡಿದು ನಿಂತೆ.

"ಕೇಳಿ ಎಲ್ರೂ. ನಂಗೆ ಮಂಡಿ ನೋವಿಲ್ಲ. ಮಂಗನ ಕಾಯ್ಲೆನೂ ಅಲ್ಲ. ನನ್ನ ಉಚ್ಚೆ ಚೀಲದಾಗೆ ಕ್ಯಾನ್ಸರ್ ಆಗಿದೆ. ಅದಕ್ಕೆ ಹಾಕೋ ಔಷಧಿಗೆ ಈ ಜ್ವರ. ಚೀಟಿ ಒಳಗಿದೆ, ಬೇಕಾದ್ರೆ ಓದ್ಕಳಿ."

ಅಷ್ಟರಲ್ಲಿ ಸರೋಜಳ ಅತ್ತೆ ಮೂಗಿನ ಸೆರಗು ಬಿಟ್ಟು ಉಸ್ಸೆಂದರು.

"ಅಷ್ಟೇನೇ? ಅಯ್ಯೋ ಮಾರಾಯ್ತಿ, ಮೊದ್ಲೇ ಹೇಳದಲ್ವಾ? ನಾವು ಮಂಗನ ಕಾಯ್ಲೆ ಅಂತ ಹೆದ್ರಿ ಸತ್ವಿ."

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. ನಾನೂ ನಗಲು ಹೋದೆ, ಹಲ್ಲು ಕಟಕಟ ಎಂದವು. ಕ್ಯಾನ್ಸರನ್ನು ಜನ ಅಷ್ಟು ಸಮಾಧಾನದಿಂದ ಕೇಳಿಸಿಕೊಂಡದ್ದನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ. ನೌಕರ ಚೀಟಿ ಓದಿದ. ತನ್ನ ಕೆಲಸಕ್ಕೆಂದು ರಕ್ತ ಒಂದಿಷ್ಟು ತೆಗೆದುಕೊಂಡ. ನಾಳೆ ಬೆಳಿಗ್ಗೆಯೂ ಜ್ವರ ಇದ್ದರೆ ಘಟ್ಟದ ಕೆಳಗಿನ ಆಸ್ಪತ್ರೆಗೇ ಹೋಗಿ ಎಂದ. ಕಮಲಮ್ಮ ಸಂಜೆ ಬಂದು ಮಜ್ಜಿಗೆ ತೆಗೆದುಕೊಂಡು ಹೋದಳು.

ಮಾರನೆಯ ಬೆಳಗಿಗೆ ಮೂರನೆಯ ದಿನ. ಎದ್ದಾಗ ಮೈ ಬೆವರಿತ್ತು. ಸರೋಜ ಹಣೆ ಮುಟ್ಟಿ ನೋಡಿ, ಕೈ ತೆಗೆದು, ಮತ್ತೆ ಮುಟ್ಟಿದಳು. ತಣ್ಣಗಿತ್ತು. ಹುರುಳಿ ಬೇಯಿಸಲು ಹೋದಳು.

ಮುಂದಿನ ವಾರ ಡಾಕ್ಟರಮ್ಮನಿಗೆ ಇದನ್ನೆಲ್ಲ ಹೇಳಿ, ಮಾತ್ರೆ ನುಂಗದ್ದನ್ನೂ ಹೇಳಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

"ಯಾಕೆ ನುಂಗ್ಲಿಲ್ಲ? ಜ್ವರ ಇಳಿದ್ರೆ ಕಾವಲಿನವು ವಾಪಸ್ ಹೋಗೂದಿಲ್ಲ ಅಮ್ಮ. ಸುಮ್ನೆ ಎರಡು ದಿನ ನಡುಗಿದ್ರಿ ನೀವು."

ಇದನ್ನು ಓದುವವರಿಗೆ ನಾನು ಹೇಳುವ ಬುದ್ಧಿಮಾತು ಇದೊಂದೇ. ಮಾತ್ರೆ ನುಂಗಿ. ನಡುಗಿದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ.

ಗೌಡರಿಗೆ ಜ್ವರ ಬರಲೇ ಇಲ್ಲ. ನಾಲ್ಕನೆಯ ವಾರ ನನಗೆ ಮತ್ತೆ ಬಂದಿತ್ತು, ಒಂದೇ ದಿನ. ಐದನೆಯ ವಾರ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ನಿಮ್ಗೇನು ಬಿಡಿ, ಜ್ವರ ಬರುತ್ತೆ" ಎಂದು ಮುಖ ತಿರುಗಿಸಿದರು. ಯಾರಾದರೂ ನನ್ನ ಜ್ವರಕ್ಕೆ ಹೊಟ್ಟೆಕಿಚ್ಚು ಪಡುತ್ತಾರೆ ಎಂದು ನಾನ್ಯಾವತ್ತೂ ಅಂದುಕೊಂಡಿರಲಿಲ್ಲ. ಜ್ವರ ಬಂದವರಿಗೆಲ್ಲ ಗುಣ, ಬಾರದವರಿಗೆಲ್ಲ ಇಲ್ಲ ಅಂತ ಏನಿಲ್ಲ ಎಂದು ಡಾಕ್ಟರಮ್ಮ ಇಬ್ಬರಿಗೂ ಹೇಳಿದರು. ಗೌಡರು ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಲಿಲ್ಲ. ನಂಬಿದರೆ ನನಗೆ ಹಿಡಿದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಆರು ಮುಗಿದು ಒಂದೂವರೆ ತಿಂಗಳ ಮೇಲೆ ಮತ್ತೆ ದೀಪದ ಕೊಳವೆ. ಆ ಒಂದೂವರೆ ತಿಂಗಳು ನಾನು ಹೊಸನಗರದಲ್ಲಿ ಮಗಳ ಮನೆಯಲ್ಲಿದ್ದೆ. ಮಗಳು ನನ್ನನ್ನು ನೋಡಿದಾಗಲೆಲ್ಲ ಮೂಗು ಸೊರಸೊರ ಎನ್ನಿಸುತ್ತಿದ್ದಳು. "ಸತ್ತ ಮೇಲೆ ಅಳು, ಈಗ ತೆಂಗಿನಕಾಯಿ ತುರಿ" ಎಂದೆ. ಅದಕ್ಕೂ ಅತ್ತಳು.

ಪರೀಕ್ಷೆಯ ದಿನ ಗೌಡರೂ ಇದ್ದರು. ನನ್ನನ್ನು ಮೊದಲು ಕರೆದರು. ಡಾಕ್ಟರಮ್ಮ ತುಂಬ ಹೊತ್ತು ನೋಡಿದರು. ನಾನು ಚಾವಣಿಯ ಫ್ಯಾನಿನ ರೆಕ್ಕೆಯ ಮೇಲಿನ ಧೂಳು ನೋಡುತ್ತಿದ್ದೆ. "ಗೋಡೆ ಕೆಂಪಾಗಿದೆ, ಅದು ಔಷಧಿಯದ್ದು. ಗಂಟು ಇಲ್ಲ" ಎಂದರು. ಮಾಂಸದ ಚೂರು ತೆಗೆದು ಕಳಿಸಿದರು. ಅದರಲ್ಲೂ ಏನೂ ಇಲ್ಲವೆಂದು ಆಮೇಲೆ ಕಾಗದ ಬಂತು.

ಗೌಡರು ಹೊರಗೆ ಬಂದಾಗ ನಾನು ಕೇಳಲಿಲ್ಲ. ಅವರೇ ಹೇಳಿದರು. "ನಂದು ತೆಗೀಬೇಕಂತೆ." ನಾನು ಸಮಾಧಾನ ಹೇಳಲಿಲ್ಲ. ನನ್ನ ಬಾಯಿಂದ ಬಂದಿದ್ದರೆ ಅದು ಸಮಾಧಾನ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ತಿನ್ನಲು ಕಟ್ಟಿಕೊಂಡಿದ್ದ ಎರಡು ಬಾಳೆಹಣ್ಣು ಕೊಟ್ಟೆ. ಅವರು ಒಂದನ್ನು ಇಟ್ಟುಕೊಂಡು ಒಂದನ್ನು ವಾಪಸು ಕೊಟ್ಟರು.

ಸಾಗರಕ್ಕೆ ಬಂದು ಬೆಂಡು ಹಿಡಿದು ಕುಳಿತೆ. ಮೊದಲು ಬಂದ ಗಿರಾಕಿಗಳು ಬ್ಯಾಕೋಡಿನ ಕಡೆಯವರು, ಹಳೆಯ ಪರಿಚಯ. "ಮಂಡಿ ಸರಿ ಹೋತಾ ಅಮ್ಮ?" ಎಂದು ಕೇಳಿದರು. ಗಣಪತಿ ನನ್ನನ್ನು ನೋಡಿದ. ನಾನು ಅವನನ್ನು ನೋಡಲಿಲ್ಲ. "ಮಂಡಿಗೆ ಏನೂ ಆಗಿರ್ಲಿಲ್ಲ. ಕ್ಯಾನ್ಸರ್ ಆಗಿತ್ತು, ಈಗ ಇಲ್ಲ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮತ್ತೆ ಬರುತ್ತೇವೆ ಎಂದು ಹೋದರು. ಬರಲಿಲ್ಲ. ಆ ವರ್ಷ ಹಾಗೆ ಹೋದ ಗಿರಾಕಿಗಳು ಇನ್ನೂ ಕೆಲವರಿದ್ದಾರೆ. ಗಣಪತಿ ಹೇಳಿದ್ದು ಸುಳ್ಳಾಗಲಿಲ್ಲ. ಆದರೆ ಒಂದು ಸುಳ್ಳು ಮಂಡಿಗಾಗಿ ಇನ್ನೊಮ್ಮೆ ಕಂಬ ಹಿಡಿದು ನಿಲ್ಲಲು ನಾನು ತಯಾರಿರಲಿಲ್ಲ.

ಮಾರನೆಯ ವರ್ಷ ಮದುವೆಯ ಕಾಲದಲ್ಲಿ ನಿಟ್ಟೂರಿನ ಗೌಡರು ಬಂದರು. ಸ್ವಲ್ಪ ಇಳಿದಿದ್ದರು, ಅಂಗಿ ದೊಗಲೆಯಾಗಿತ್ತು. ಮೊಮ್ಮಗಳ ಮದುವೆಯಂತೆ. ಕುರ್ಚಿ ಕೊಟ್ಟೆ.

"ಚೀಲ ಹೆಂಗಿದೆ?" ಎಂದೆ.

"ಇದೆ. ರಾತ್ರಿ ಎದ್ದು ಹೊರಗೆ ಹೋಗೋ ಕಷ್ಟ ಇಲ್ಲ ನೋಡಿ. ನಿಮ್ಗೆ ಆ ಸುಖ ಇಲ್ಲ." ಅಂಗಿಯ ಮೇಲೆ ಒಂದು ಸಲ ತಟ್ಟಿದರು. "ಬಾಸಿಂಗ ಮಾತ್ರ ನಿಮ್ ಕೈದೇ ಬೇಕು. ಬಣ್ಣ ಬಿಡಬಾರ್ದು."

"ನಂದೀಗ ಬಿಡಲ್ಲ" ಎಂದೆ. ಸೊಸೆ ಒಳಗೆ ಹೋಗಿ ನಕ್ಕಳು.

ಕುಂಚವನ್ನು ಈಗ ಒದ್ದೆ ಬಟ್ಟೆಯಲ್ಲಿ ಎಳೆಯುತ್ತೇನೆ. ಸೊಸೆಯೂ ಹಾಗೆಯೇ. ತುದಿ ಮೊದಲಿನಷ್ಟು ಚೂಪು ಬರುವುದಿಲ್ಲ. ನೋಡುವವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ.

ಪರೀಕ್ಷೆಗೆ ಈಗಲೂ ಹೋಗುತ್ತೇನೆ. ಮೊದಲು ಮೂರು ತಿಂಗಳಿಗೊಮ್ಮೆ ಇತ್ತು, ಈಗ ವರ್ಷಕ್ಕೊಮ್ಮೆ. ಹೋಗುವ ಹಿಂದಿನ ದಿನ ಬಿಳಿ ಬೋಗುಣಿ ತೆಗೆದು, ಒಂದು ಬೆಂಡಿನ ಪಟ್ಟಿ ಅದ್ದಿ, ಕಿಟಕಿಯಲ್ಲಿ ಇಡುತ್ತೇನೆ. ಡಾಕ್ಟರಮ್ಮನಿಗೆ ಅದನ್ನು ಹೇಳಿದ್ದೇನೆ. ಕಣ್ಣಿಗೆ ಕಾಣದ ರಕ್ತವೂ ಇರುತ್ತದೆ, ಅದನ್ನು ನಂಬಿ ಬಾರದೆ ಇರಬೇಡಿ ಎಂದಿದ್ದಾರೆ. ಅದಕ್ಕೇ ಪಟ್ಟಿಯನ್ನೂ ಇಡುತ್ತೇನೆ, ಬಸ್ಸನ್ನೂ ಹತ್ತುತ್ತೇನೆ.

ನಾಳೆ ಹೋಗಬೇಕು. ಬೆಳಿಗ್ಗೆ ಇಟ್ಟ ಪಟ್ಟಿ ಕಿಟಕಿಯಲ್ಲಿತ್ತು. ಹಸಿಯಲ್ಲಿ ಹೇಳಲಾಗುವುದಿಲ್ಲವೆಂದು ಅದು ಒಣಗುವ ತನಕ ಇದನ್ನು ಬರೆಯುತ್ತ ಕುಳಿತೆ. ಈಗ ಎದ್ದು ನೋಡಿದೆ. ಬಿಳಿ ಇದೆ. ಒಲೆಗೆ ಹಾಕಿದೆ.